ಸೀಮೆಸುಣ್ಣದ ಗುಡ್ಡವನ್ನು ಸೀಳಿದ ಹೆದ್ದಾರಿ

ಕರಿಹಲಗೆಯ ಮುಂದೆ ಕುಳಿತು ಅಕ್ಷರ ಕಲಿತವರೆಲ್ಲರಿಗೂ ಸೀಮೆಸುಣ್ಣದ ಪರಿಚಯ ಉಂಟು. ಆದರೆ ಆ ಹೆಸರಿನಲ್ಲಿರುವ 'ಸೀಮೆ' ಯಾವುದು ಎಂದು ಯೋಚಿಸಿದವರು ವಿರಳ. ಸೀಮೆಎಣ್ಣೆ, ಸೀಮೆಹಸು ಎಂಬ ಮಾತುಗಳಲ್ಲಿರುವಂತೆ ಇಲ್ಲಿಯೂ ಅದಕ್ಕೆ ಕಡಲಾಚೆಯ ನಾಡು ಎಂದೇ ಅರ್ಥ. ಇಂದು ಅಂಗಡಿಯಲ್ಲಿ ದೊರೆಯುವ ಬಿಳಿಯ ಕಡ್ಡಿಗಳು ಬಹುಮಟ್ಟಿಗೆ ಜಿಪ್ಸಮ್ ಎಂಬ ಬೇರೊಂದು ಖನಿಜದಿಂದ ಆದವು. ಅಪ್ಪಟ ಸೀಮೆಸುಣ್ಣವನ್ನು ನೋಡಬೇಕೆಂದರೆ ಅದು ಬೆಟ್ಟಗಳಾಗಿ ನಿಂತಿರುವ ಸೀಮೆಗೇ ಹೋಗಬೇಕು. ದಕ್ಷಿಣ ಇಂಗ್ಲೆಂಡ್ ಅಂತಹ ಒಂದು ಸೀಮೆ. ಹಡಗಿನಲ್ಲಿ ಬರುವವರಿಗೆ ಮೊದಲು ಕಾಣುವ ಡೋವರಿನ ಬಿಳಿಯ ಕಡಿದಾದ ದಂಡೆ ಆ ಬೆಟ್ಟಗಳ ಒಂದು ಅಂಚು ಮಾತ್ರ. ಒಳನಾಡಿನಲ್ಲಿ ಅವು ಮೈಲಿಗಟ್ಟಲೆ ದೂರ, ಮಲಗಿದ ಹಸುಗಳ ಬೆನ್ನಿನಂತೆ ನುಣುಪಾಗಿ ಏರಿ ಇಳಿಯುತ್ತ ಸಾಗುತ್ತವೆ.

ಆ ಜನ ಈ ಗುಡ್ಡಗಳನ್ನು 'ಡೌನ್' ಎಂದು ಕರೆಯುತ್ತಾರೆ. ಡೌನ್ ಎಂದರೆ ಕೆಳಗೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಇದು ವಿನೋದವಾಗಿ ತೋರುತ್ತದೆ. ಹಳೆಯ ಇಂಗ್ಲಿಷಿನಲ್ಲಿ 'ದೂನ್' ಎಂಬ ಮಾತಿಗೆ ಗುಡ್ಡವೆಂದೇ ಅರ್ಥವಿತ್ತಂತೆ. ಅದೇ ಸವೆದು ಈಗಿನ ರೂಪಕ್ಕೆ ಬಂದಿದೆ. ಇಂತಹ ಡೌನುಗಳಲ್ಲಿ ಒಂದಾದ ಟ್ವೈಫರ್ಡ್ ಡೌನ್ ಎಂಬ ಗುಡ್ಡದ ಕಥೆ ಇದು. ಒಂದು ಹೆದ್ದಾರಿಗಾಗಿ ಆ ಗುಡ್ಡವನ್ನು ನಡುವೆ ಸೀಳಲಾಯಿತು. ಸೀಳಿದ್ದು ಸರಿಯೆ ತಪ್ಪೆ ಎಂಬ ವಾದ ಇಪ್ಪತ್ತು ವರ್ಷ ನಡೆಯಿತು. ರಸ್ತೆ ತೆರೆದ ಮೇಲೂ ಅದು ಮುಗಿಯಲಿಲ್ಲ.

ಕಡಲು ಕಟ್ಟಿದ ಬೆಟ್ಟ

ಗುಡ್ಡ ಏತರಿಂದಾಗಿದೆ ಎಂಬುದನ್ನು ತಿಳಿಯದೆ ಅದರ ಬೆಲೆ ತಿಳಿಯದು. ಸುಮಾರು ಹತ್ತು ಕೋಟಿ ವರ್ಷಗಳ ಹಿಂದಿನಿಂದ ಆರೂವರೆ ಕೋಟಿ ವರ್ಷಗಳ ಹಿಂದಿನವರೆಗೆ ಈ ಪ್ರದೇಶವೆಲ್ಲ ಬೆಚ್ಚಗಿನ ಕಡಲಿನ ಅಡಿಯಲ್ಲಿತ್ತು. ನೀರಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ತೇಲುತ್ತಿದ್ದವು. ಅವು ತಮ್ಮ ಮೈಗೆ ಸುಣ್ಣದ ಬಿಲ್ಲೆಗಳ ಕವಚವನ್ನು ಕಟ್ಟಿಕೊಳ್ಳುತ್ತಿದ್ದವು. ಅವು ಸತ್ತಾಗ ಕವಚಗಳು ತಳಕ್ಕೆ ಇಳಿದು ಬೂದಿಯಂತೆ ಪದರ ಪದರವಾಗಿ ಸೇರಿದವು. ಕೋಟ್ಯಂತರ ವರ್ಷಗಳ ಆ ಮೌನವಾದ ಮಳೆ ನೂರಾರು ಅಡಿ ದಪ್ಪದ ಬಿಳಿಯ ಶಿಲೆಯಾಯಿತು. ಮುಂದೆ ಭೂಮಿಯ ಒತ್ತಡಕ್ಕೆ ಆ ತಳವೇ ಮೇಲೆದ್ದು ಬೆಟ್ಟವಾಯಿತು. ನಡುನಡುವೆ ಕರಿಯ ಗಟ್ಟಿಗಳಾಗಿ ಸಿಕ್ಕುವ ಚಕಮಕಿ ಕಲ್ಲು ಆ ಕಡಲಿನ ಮತ್ತೊಂದು ಉಡುಗೊರೆ. ಶಿಲಾಯುಗದ ಮನುಷ್ಯನ ಕೊಡಲಿಗೂ, ಈ ಕಡೆಯ ಹಳ್ಳಿಯ ಗೋಡೆಗಳಿಗೂ ಆಧಾರವಾದದ್ದು ಇದೇ ಕಲ್ಲು.

ಸೀಮೆಸುಣ್ಣದ ಶಿಲೆಗೆ ಇನ್ನೊಂದು ಗುಣ ಉಂಟು. ಅದು ನೀರನ್ನು ಹೀರಿ ಒಡಲಲ್ಲಿ ಹಿಡಿದಿಡುತ್ತದೆ. ಬೇಸಗೆಯಲ್ಲಿಯೂ ತಿಳಿಯಾಗಿ, ತಣ್ಣಗೆ ಬುಗ್ಗೆಗಳ ಮೂಲಕ ಬಿಟ್ಟುಕೊಡುತ್ತದೆ. ಇಂತಹ ಬುಗ್ಗೆಗಳಿಂದ ಹುಟ್ಟುವ ಹೊಳೆಗಳು ಜಗತ್ತಿನಲ್ಲಿ ಬಹಳ ಇಲ್ಲ. ಇರುವವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲಿವೆ. ಟ್ವೈಫರ್ಡ್ ಡೌನಿನ ಪಕ್ಕದಲ್ಲಿ ಹರಿಯುವ ಇಚೆನ್ ಅವುಗಳಲ್ಲಿ ಪ್ರಸಿದ್ಧವಾದದ್ದು. ಅದರ ನೀರು ಎಷ್ಟು ತಿಳಿಯೆಂದರೆ ತಳದ ಬೆಣಚುಗಳ ನಡುವೆ ತಲೆಯನ್ನು ಪ್ರವಾಹಕ್ಕೆದುರಾಗಿ ಹಿಡಿದು ನಿಂತ ಟ್ರೌಟ್ ಮೀನನ್ನು ಸೇತುವೆಯ ಮೇಲಿನಿಂದಲೇ ಎಣಿಸಬಹುದು.

ಇನ್ನು ಗುಡ್ಡದ ಮೇಲಿನ ಹುಲ್ಲು. ಮಣ್ಣು ಬಹು ತೆಳುವು. ಅಂಗೈ ಆಳದಲ್ಲಿಯೇ ಬಿಳಿಯ ಶಿಲೆ ಕಾಣಿಸಿಕೊಳ್ಳುತ್ತದೆ. ಸಾರವಿಲ್ಲದ ಈ ಮಣ್ಣಿನಲ್ಲಿ ಬಲಿಷ್ಠವಾದ ಯಾವ ಗಿಡವೂ ಇತರರನ್ನು ತುಳಿದು ಬೆಳೆಯಲಾರದು. ಶತಮಾನಗಳಿಂದ ಕುರಿಗಳು ಮೇದು ಮೇದು ಹುಲ್ಲನ್ನು ಕುಳ್ಳಾಗಿ ಇಟ್ಟಿವೆ. ಅದರಿಂದಾಗಿ ಸಣ್ಣಪುಟ್ಟ ಸಸ್ಯಗಳೆಲ್ಲಕ್ಕೂ ಬಿಸಿಲಿನಲ್ಲಿ ಪಾಲು ದೊರೆಯುತ್ತದೆ. ಒಳ್ಳೆಯ ಕಡೆಗಳಲ್ಲಿ ಒಂದು ಚದರ ಮೀಟರಿನಲ್ಲಿಯೇ ನಲವತ್ತು ಬಗೆಯ ಸಸ್ಯಗಳನ್ನು ಎಣಿಸಿದ್ದುಂಟು. ಬಡವರ ಕೇರಿಯಲ್ಲಿ ಎಲ್ಲರಿಗೂ ಜಾಗವಿದ್ದಂತೆ! ಇದನ್ನು ಉತ್ತು ಗೊಬ್ಬರ ಹಾಕಿದರೆ ಒರಟು ಹುಲ್ಲು ನುಗ್ಗಿ ಉಳಿದುದೆಲ್ಲ ಅಳಿದುಹೋಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಿಂದ ಈಚೆಗೆ ಇಂಗ್ಲೆಂಡಿನ ಸುಣ್ಣದ ಹುಲ್ಲುಗಾವಲುಗಳಲ್ಲಿ ಬಹುಪಾಲು ಹಾಗೆಯೇ ನೇಗಿಲಿಗೆ ಬಲಿಯಾದವು. ಉಳಿದ ತುಣುಕುಗಳು ಆದುದರಿಂದಲೇ ಅಮೂಲ್ಯ.

ವಿಂಚೆಸ್ಟರಿನಿಂದ ಕಾಲ್ನಡಿಗೆ

ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ವಿಂಚೆಸ್ಟರ್ ಸೇರಬಹುದು. ಇದು ಒಂದು ಕಾಲಕ್ಕೆ ಆಲ್ಫ್ರೆಡ್ ಅರಸನ ರಾಜಧಾನಿ. ೧೦೭೯ರಲ್ಲಿ ಕಟ್ಟತೊಡಗಿದ ಇಲ್ಲಿನ ಮಹಾ ಇಗರ್ಜಿಯ ನೆಲದಡಿಯಲ್ಲಿ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಮಲಗಿದ್ದಾಳೆ. ಅದರ ಹಿಂದೆಯೇ ೧೩೮೨ರಲ್ಲಿ ಸ್ಥಾಪನೆಯಾದ ವಿಂಚೆಸ್ಟರ್ ಕಾಲೇಜು ಎಂಬ ಹೆಸರಿನ ಪ್ರಸಿದ್ಧ ಶಾಲೆ. ಅದರ ಗೋಡೆಯ ಪಕ್ಕದ ಓಣಿಯನ್ನು ದಾಟಿದರೆ ಇದ್ದಕ್ಕಿದ್ದಂತೆ ಊರು ಮುಗಿದು, ಇಚೆನ್ ಹೊಳೆಯ ಕವಲುಗಳು ಹೆಣೆದುಕೊಂಡ ಹಸಿಯ ಹುಲ್ಲುಗಾವಲು ತೆರೆದುಕೊಳ್ಳುತ್ತದೆ.

ಕವಿ ಕೀಟ್ಸ್ ೧೮೧೯ರ ಸೆಪ್ಟೆಂಬರಿನಲ್ಲಿ ಈ ಊರಿನಲ್ಲಿದ್ದಾಗ ಪ್ರತಿದಿನವೂ ಈ ಹಾದಿಯಲ್ಲಿ ಅಡ್ಡಾಡುತ್ತಿದ್ದನು. ಶರತ್ಕಾಲವನ್ನು ಕುರಿತ ಅವನ ಹೆಸರಾಂತ ಕವಿತೆ ಹುಟ್ಟಿದುದು ಅಂತಹ ಒಂದು ನಡಿಗೆಯ ಬಳಿಕ. ಹಾದಿಯ ಕೊನೆಗೆ ಸೇಂಟ್ ಕ್ರಾಸ್ ಎಂಬ ಧರ್ಮಛತ್ರವಿದೆ. ಹನ್ನೆರಡನೆಯ ಶತಮಾನದಲ್ಲಿ ಬಿಷಪ್ ಹೆನ್ರಿ ಕಟ್ಟಿಸಿದ್ದು. ಬಾಗಿಲಲ್ಲಿ ನಿಂತು ಕೇಳಿದ ದಾರಿಹೋಕನಿಗೆ ಒಂದು ತುಂಡು ರೊಟ್ಟಿ, ಒಂದು ಗುಟುಕು ಏಲ್ ಎಂಬ ಪಾನೀಯ ಕೊಡುವ ಸಂಪ್ರದಾಯ ಅಲ್ಲಿ ಇನ್ನೂ ನಡೆದುಬಂದಿದೆ. ದಾರಿ ನಡೆಯುವವನಿಗೆ ಇಷ್ಟು ಮರ್ಯಾದೆ ತೋರಿದ ಊರೇ ದಾರಿಯ ವಿಷಯದಲ್ಲಿ ಇಂಗ್ಲೆಂಡಿನ ಅತ್ಯಂತ ಕಹಿಯಾದ ಜಗಳಕ್ಕೆ ನೆಲೆಯಾದದ್ದು ವಿಚಿತ್ರ.

ಹುಲ್ಲುಗಾವಲಿನ ಪೂರ್ವಕ್ಕೆ ತಲೆಯ ಮೇಲೆ ಬೀಚ್ ಮರಗಳ ಜುಟ್ಟು ಬಿಟ್ಟುಕೊಂಡ ದುಂಡನೆಯ ಗುಡ್ಡ ಕಾಣುತ್ತದೆ. ಅದು ಸೇಂಟ್ ಕ್ಯಾಥರೀನಳ ಗುಡ್ಡ. ಮರದ ಮೆಟ್ಟಿಲುಗಳನ್ನು ಏರುತ್ತ ಏದುಸಿರು ಬಿಡುವಾಗ ನಾವು ದಾಟುವ ಹಳ್ಳ ಸಾಮಾನ್ಯವಾದುದಲ್ಲ; ಕ್ರಿಸ್ತನಿಗಿಂತ ಹಿಂದೆ ಕಬ್ಬಿಣ ಯುಗದ ಜನ ತೋಡಿದ ಕೋಟೆಯ ಅಗಳು. ನೆತ್ತಿಯ ಮರಗಳ ನಡುವೆ ಹಳೆಯ ಗುಡಿಯೊಂದರ ಅವಶೇಷವಿದೆ. ಪಕ್ಕದಲ್ಲಿ ಹುಲ್ಲನ್ನು ಕೊರೆದು ಮಾಡಿದ ಚಕ್ರವ್ಯೂಹ. ರಜೆಗೆ ಮನೆಗೆ ಹೋಗಲು ಬಿಡದೆ ಶಿಕ್ಷೆಗೊಳಗಾದ ಶಾಲಾ ಹುಡುಗನೊಬ್ಬ ಬೇಸರ ಕಳೆಯಲು ಅದನ್ನು ಕೊರೆದನೆಂದು ಊರವರ ಕಥೆ. ಕೆಳಗಿನ ಕಣಿವೆಗೆ 'ಪ್ಲೇಗು ಗುಂಡಿಗಳ ಕಣಿವೆ' ಎಂದು ಹೆಸರು. ಮಹಾಮಾರಿಗೆ ತುತ್ತಾದವರನ್ನು ಅಲ್ಲಿ ಹೂಳಿದರಂತೆ.

ಈ ಗುಡ್ಡದ ಆಗ್ನೇಯಕ್ಕೆ, ಹೆಗಲಿಗೆ ಹೆಗಲು ಕೊಟ್ಟಂತೆ ನಿಂತಿದ್ದುದೇ ಟ್ವೈಫರ್ಡ್ ಡೌನ್. ಇಂದು ಎರಡರ ನಡುವೆ ನಿಂತು ನೋಡಿದರೆ ಕಾಲ ಬುಡದಲ್ಲಿ ನೂರಡಿಗೂ ಮಿಕ್ಕ ಆಳದ, ಸುಮಾರು ನಾನೂರು ಅಡಿ ಅಗಲದ ಬಿಳಿಯ ಕಂದಕ. ತಳದಲ್ಲಿ ಆರು ಸಾಲುಗಳಲ್ಲಿ ವಾಹನಗಳು ಹಗಲಿರುಳು ಹರಿಯುತ್ತಿರುತ್ತವೆ. ಲಂಡನ್ನಿನ ಅಂಚಿನಿಂದ ಸೌತಾಂಪ್ಟನ್ ಬಂದರಿನ ಕಡೆಗೆ ಹೋಗುವ ಎಂ೩ ಎಂಬ ಮೋಟಾರು ಹೆದ್ದಾರಿ ಅದು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದರ ಮೊರೆತ ಕಿವಿಗೆ ಬೀಳದೆ ಇರದು.

ಹೆದ್ದಾರಿಯ ಪಕ್ಷದ ಮಾತು

ಕಂದಕವನ್ನು ಕಂಡೊಡನೆ ಅದನ್ನು ತೋಡಿಸಿದವರನ್ನು ಬಯ್ಯುವುದು ಸುಲಭ. ಆದರೆ ಅವರ ವಾದವನ್ನೂ ಕೇಳಬೇಕು. ವಿಂಚೆಸ್ಟರ್ ಹೊಳೆಯ ದಂಡೆಯ ಇಕ್ಕಟ್ಟಾದ ಊರು. ೧೯೩೦ರ ದಶಕದಲ್ಲಿ ಊರನ್ನು ಬಳಸಿ ಹೋಗಲು ಒಂದು ರಸ್ತೆಯನ್ನು ಕಟ್ಟಲಾಯಿತು. ಹೊಳೆಗೂ ಸೇಂಟ್ ಕ್ಯಾಥರೀನಳ ಗುಡ್ಡಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಅದು ಹಾದುಹೋಯಿತು. ಅಂದಿನ ವಾಹನಗಳಿಗೆ ಅದೇ ದೊಡ್ಡ ಸೌಕರ್ಯ. ಯುದ್ಧ ಮುಗಿದು ಮನೆ ಮನೆಗೂ ಮೋಟಾರು ಬಂದ ಮೇಲೆ ಆ ರಸ್ತೆ ಸಾಲದಾಯಿತು. ದಕ್ಷಿಣ ತುದಿಯ ಹಾಕ್ಲಿ ಎಂಬಲ್ಲಿ ಸಂಚಾರ ದೀಪಗಳಿದ್ದವು. ಬೇಸಗೆಯ ರಜೆಯಲ್ಲಿ ಕಡಲತೀರಕ್ಕೆ ಹೊರಟ ಕುಟುಂಬಗಳು, ಬಂದರಿಗೆ ಸರಕು ಹೊತ್ತ ಲಾರಿಗಳು ಅಲ್ಲಿ ಸಾಲುಗಟ್ಟಿ ಕಾಯುತ್ತಿದ್ದವು. ಬೇಸತ್ತವರು ಊರೊಳಗಿನ ಬೀದಿಗಳಿಗೆ ನುಗ್ಗುತ್ತಿದ್ದರು.

ಇತ್ತ ಎಂ೩ ೧೯೭೧ರಿಂದ ತುಂಡು ತುಂಡಾಗಿ ತೆರೆಯುತ್ತ ೧೯೮೫ರಲ್ಲಿ ವಿಂಚೆಸ್ಟರಿನ ಹೊಸ್ತಿಲಿಗೆ ಬಂದು ನಿಂತಿತು. ದಕ್ಷಿಣದ ಸೌತಾಂಪ್ಟನ್ ಕಡೆಯ ತುಂಡೂ ಮುಂದೆ ಸಿದ್ಧವಾಯಿತು. ನಡುವೆ ಉಳಿದದ್ದು ಕೆಲವೇ ಮೈಲಿ. ಎರಡು ತುದಿಯಲ್ಲಿ ಹೊಳೆಯಂತೆ ಹರಿಯುವ ರಸ್ತೆ, ನಡುವೆ ಸೂಜಿಯ ಕಣ್ಣು! ಈ ಅಂತರವನ್ನು ತುಂಬದೆ ಬಿಡಲಾಗದು ಎಂದು ಸರಕಾರ ಹೇಳಿದರೆ ಅದನ್ನು ಹುಚ್ಚುತನವೆನ್ನಲಾಗದು. ಹಳೆಯ ರಸ್ತೆಯ ಹೊಗೆ, ಗದ್ದಲಗಳಲ್ಲಿ ಬೇಯುತ್ತಿದ್ದ ಊರಿನ ಜನರಲ್ಲಿಯೂ ಅನೇಕರು ಹೆದ್ದಾರಿಯನ್ನು ಬಯಸಿದ್ದರು. ಪ್ರಶ್ನೆ ಇದ್ದುದು ರಸ್ತೆ ಬೇಕೆ ಬೇಡವೆ ಎಂಬುದಕ್ಕಿಂತ ಹೆಚ್ಚಾಗಿ ಅದು ಎಲ್ಲಿ ಹಾದುಹೋಗಬೇಕು ಎಂಬುದರಲ್ಲಿ.

ಮೂರು ದಾರಿಗಳು

ಮೊದಲನೆಯ ಯೋಜನೆ ಹೊಳೆಯ ಬದಿಯ ಹುಲ್ಲುಗಾವಲಿನ ಮೇಲೆಯೇ ಹೆದ್ದಾರಿಯನ್ನು ಕೊಂಡೊಯ್ಯುವುದಾಗಿತ್ತು. ಕೀಟ್ಸ್ ನಡೆದಾಡಿದ ನೆಲದ ಅಂಚಿನಲ್ಲಿ ಆರು ಸಾಲಿನ ರಸ್ತೆ! ೧೯೭೦ರ ದಶಕದಲ್ಲಿ ಊರೇ ಎದ್ದು ನಿಂತಿತು. ೧೯೭೬ರ ಸಾರ್ವಜನಿಕ ವಿಚಾರಣೆಯಲ್ಲಿ ಗದ್ದಲವೆಬ್ಬಿಸಿದವರಲ್ಲಿ ವಿಂಚೆಸ್ಟರ್ ಕಾಲೇಜಿನ ಹೆಡ್‌ಮಾಸ್ಟರ್ ಜಾನ್ ಥಾರ್ನ್ ಅವರೂ ಇದ್ದರು. ಶಿಸ್ತನ್ನು ಕಲಿಸಬೇಕಾದ ಗುರುಗಳೇ ಸಭೆಯನ್ನು ಕದಡಿದರೆಂದರೆ ಆ ಊರಿನ ನೋವು ಎಷ್ಟೆಂದು ಊಹಿಸಬಹುದು. ಆ ಯೋಜನೆಯನ್ನು ಕೈಬಿಡಲಾಯಿತು.

ಎರಡನೆಯದು, ಹುಲ್ಲುಗಾವಲನ್ನು ಬಿಟ್ಟು ಪೂರ್ವಕ್ಕೆ ಸರಿದು ಟ್ವೈಫರ್ಡ್ ಡೌನನ್ನು ಕಡಿಯುವುದು. ಇದಕ್ಕೆ ಒಂದು ಆಕರ್ಷಣೆಯೂ ಇತ್ತು. ಹೊಸ ಹೆದ್ದಾರಿ ಗುಡ್ಡದ ಹಿಂದೆ ಹೋದರೆ ಹಳೆಯ ರಸ್ತೆಯನ್ನು ಕಿತ್ತುಹಾಕಿ, ಹೊಳೆಯನ್ನೂ ಸೇಂಟ್ ಕ್ಯಾಥರೀನಳ ಗುಡ್ಡವನ್ನೂ ಮತ್ತೆ ಒಂದುಗೂಡಿಸಬಹುದು. ಆದರೆ ಕಡಿಯಬೇಕಾಗಿದ್ದುದು ಎಂತಹ ನೆಲ? ವಿಜ್ಞಾನದ ದೃಷ್ಟಿಯಿಂದ ವಿಶೇಷವೆಂದು ಸರಕಾರವೇ ಗುರುತಿಸಿದ್ದ ಎರಡು ತಾಣಗಳು, ರಕ್ಷಿತ ಸ್ಮಾರಕಗಳೆಂದು ಸಾರಿದ್ದ ಎರಡು ಪ್ರಾಚೀನ ನೆಲೆಗಳು ಅದರ ಹಾದಿಯಲ್ಲಿದ್ದವು. ಒಂದು ಕೈಯಿಂದ ಕಾಪಾಡುವೆನೆಂದು ಬರೆದುಕೊಟ್ಟ ಸರಕಾರ ಇನ್ನೊಂದು ಕೈಯಿಂದ ಅಗೆಯಲು ಹೊರಟಿತ್ತು.

ಮೂರನೆಯದು ಸುರಂಗ. ಗುಡ್ಡವನ್ನು ಮುಟ್ಟದೆ ಅದರ ಒಡಲಲ್ಲಿ ರಸ್ತೆಯನ್ನು ಕೊರೆದುಕೊಂಡು ಹೋಗೋಣ ಎಂದು ಊರಿನ ಹೋರಾಟಗಾರರು ಕೇಳಿದರು. ಈ ಹೋರಾಟಗಾರರು ಬಾವುಟ ಹಿಡಿದ ಕ್ರಾಂತಿಕಾರರೇನೂ ಅಲ್ಲ. ಅವರ ಮುಂದಾಳುಗಳಲ್ಲಿ ಒಬ್ಬರಾದ ಬಾರ್ಬರಾ ಬ್ರಯಂಟ್ ಆಗ ಅಧಿಕಾರದಲ್ಲಿದ್ದ ಕನ್ಸರ್ವೇಟಿವ್ ಪಕ್ಷದವರೇ. ಅವರು ನಕ್ಷೆಗಳನ್ನು ಓದಿದರು, ತಜ್ಞರನ್ನು ಕರೆಸಿದರು, ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. ಸುರಂಗ ಸಾಧ್ಯವೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಅದಕ್ಕೆ ಹಲವು ಕೋಟಿ ಪೌಂಡು ಹೆಚ್ಚು ಬೇಕಾಗಿತ್ತು. ಅಷ್ಟು ಹಣವನ್ನು ಸುರಿದರೆ ಬರುವ ಲಾಭವೇನು ಎಂಬುದು ಸಾರಿಗೆ ಇಲಾಖೆಯ ಪ್ರಶ್ನೆ.

ಈ ಜಗಳದ ತಿರುಳು ಇಲ್ಲಿಯೇ ಇದೆ. ವಾಹನವೊಂದಕ್ಕೆ ಉಳಿಯುವ ನಿಮಿಷಕ್ಕೆ ಇಲಾಖೆಯ ಪುಸ್ತಕದಲ್ಲಿ ಬೆಲೆ ಉಂಟು. ಸಾವಿರಾರು ವಾಹನಗಳ ನಿಮಿಷಗಳನ್ನು ಕೂಡಿಸಿದರೆ ಲಾಭದ ಕಡೆ ದೊಡ್ಡ ಮೊತ್ತ ನಿಲ್ಲುತ್ತದೆ. ಗುಡ್ಡದ ಬಾಗು, ಕೋಟೆಯ ಅಗಳು, ಚಿಟ್ಟೆ, ಮೌನ, ಇವುಗಳಿಗೆ ಆ ಪುಸ್ತಕದಲ್ಲಿ ಕಾಲಮೇ ಇಲ್ಲ. ಬೆಲೆ ಬರೆಯದ ವಸ್ತುವನ್ನು ಲೆಕ್ಕಿಗ ಸೊನ್ನೆ ಎಂದು ಓದುತ್ತಾನೆ. ೧೯೯೦ರಲ್ಲಿ ಸಾರಿಗೆ ಮಂತ್ರಿ ಸೆಸಿಲ್ ಪಾರ್ಕಿನ್ಸನ್ ಸುರಂಗವನ್ನು ನಿರಾಕರಿಸಿ ಗುಡ್ಡ ಕಡಿಯುವ ಯೋಜನೆಗೆ ಒಪ್ಪಿಗೆ ಕೊಟ್ಟರು.

ಊರಿನವರು ನ್ಯಾಯಾಲಯಕ್ಕೆ ಹೋದರು. ದೊಡ್ಡ ಕಾಮಗಾರಿಗೆ ಮೊದಲು ಪರಿಸರದ ಮೇಲಿನ ಪರಿಣಾಮವನ್ನು ಅಳೆಯಬೇಕೆಂಬ ಯುರೋಪಿಯನ್ ಸಮುದಾಯದ ನಿಯಮ ೧೯೮೮ರಲ್ಲಿ ಜಾರಿಗೆ ಬಂದಿತ್ತು. ಈ ಯೋಜನೆ ಅದಕ್ಕೂ ಮೊದಲೇ ಹೊರಟದ್ದಾದುದರಿಂದ ನಿಯಮ ಇದಕ್ಕೆ ತಗಲದು ಎಂದು ೧೯೯೦ರಲ್ಲಿ ತೀರ್ಪಾಯಿತು. ೧೯೯೧ರಲ್ಲಿ ಯುರೋಪಿನ ಪರಿಸರ ಕಮಿಷನರ್ ಕಾರ್ಲೊ ರಿಪಾ ದಿ ಮೆಯಾನ ಕೆಲಸವನ್ನು ನಿಲ್ಲಿಸಬೇಕೆಂದು ಬ್ರಿಟನ್ನಿಗೆ ಬರೆದರು. ರಾಜಕೀಯದ ಕೋಲಾಹಲವೆದ್ದಿತು. ೧೯೯೨ರಲ್ಲಿ ಆ ಬಾಗಿಲೂ ಮುಚ್ಚಿತು.

ಗುಡ್ಡದ ಮೇಲಿನ ಬಿಡಾರ

ಕಾಗದ ಪತ್ರಗಳ ಯುದ್ಧ ಸೋತ ಮೇಲೆ ಬೇರೊಂದು ಪಂಗಡ ಗುಡ್ಡವನ್ನೇರಿತು. ಶತಮಾನಗಳ ಕಾಲ ದನಕರುಗಳೂ ಬಂಡಿಗಳೂ ಓಡಾಡಿ ಗುಡ್ಡದ ಮೈಯಲ್ಲಿ ಆಳವಾದ ಕೊರಕಲು ದಾರಿಗಳು ಉಂಟಾಗಿದ್ದವು. ಅವಕ್ಕೆ 'ಡೋಂಗ' ಎಂದು ಹೆಸರು. ಮಾತು ದಕ್ಷಿಣ ಆಫ್ರಿಕದ್ದು. ಕೊರಕಲು ಎಂದೇ ಅರ್ಥ. ೧೯೯೨ರಲ್ಲಿ ಅಲ್ಲಿ ಬಿಡಾರ ಹೂಡಿದ ಯುವಕ ಯುವತಿಯರು ತಮ್ಮನ್ನೇ ಡೋಂಗ ಬುಡಕಟ್ಟಿನವರೆಂದು ಕರೆದುಕೊಂಡರು. ಕೊಂಬೆಗಳ ಮೇಲೆ ಬಟ್ಟೆ ಹೊದಿಸಿದ ಗುಡಿಸಲು, ಸೌದೆಯ ಒಲೆ, ತಮಟೆ, ಹಾಡು, ಇವು ಅವರ ಆಸ್ತಿ. ಊರಿನ ಗೃಹಸ್ಥರಿಗೆ ಮೊದಮೊದಲು ಇವರನ್ನು ಕಂಡರೆ ಅಂಜಿಕೆ. ಆದರೆ ಬುಲ್‌ಡೋಜರಿನ ಮುಂದೆ ಅಡ್ಡ ಮಲಗುವ ಧೈರ್ಯ ತಮ್ಮ ಅರ್ಜಿಗಳಿಗಿರಲಿಲ್ಲ ಎಂಬುದು ಅವರಿಗೂ ತಿಳಿದಿತ್ತು. ದಿನ ಕಳೆದಂತೆ ನಿವೃತ್ತ ಸಜ್ಜನರೂ ಜಡೆಗಟ್ಟಿದ ತರುಣರೂ ಒಂದೇ ಸಾಲಿನಲ್ಲಿ ನಿಂತರು.

೧೯೯೨ರ ಡಿಸೆಂಬರ್ ೯, ಬುಧವಾರ. ಬೆಳಗಿನ ಕತ್ತಲೆಯಲ್ಲಿ ಹಳದಿಯ ಅಂಗಿ ತೊಟ್ಟ ಬಾಡಿಗೆಯ ಕಾವಲುಗಾರರು ಬಿಡಾರದ ಮೇಲೆ ಬಂದರು. ತಳ್ಳಾಟ, ಎಳೆದಾಟ, ಕೂಗಾಟಗಳ ನಡುವೆ ಯಂತ್ರಗಳು ಹುಲ್ಲಿನ ಹೊದಿಕೆಯನ್ನು ಸುಲಿದವು. 'ಹಳದಿ ಬುಧವಾರ' ಎಂಬ ಹೆಸರು ಆ ದಿನಕ್ಕೆ ಇಂದಿಗೂ ಉಳಿದಿದೆ. ಆ ಬಳಿಕವೂ ಪ್ರತಿಭಟನೆ ನಿಲ್ಲಲಿಲ್ಲ. ಕಾಮಗಾರಿಯ ನೆಲಕ್ಕೆ ಕಾಲಿಡಬಾರದೆಂಬ ನ್ಯಾಯಾಲಯದ ಆಜ್ಞೆಯನ್ನು ಮೀರಿದುದಕ್ಕಾಗಿ ೧೯೯೩ರ ಜುಲೈಯಲ್ಲಿ ಏಳು ಮಂದಿ ಸೆರೆಮನೆಗೆ ಹೋದರು.

ಬಿಳಿಯ ಮಣ್ಣಿನಲ್ಲಿ ರಸ್ತೆ

ಇಷ್ಟೆಲ್ಲದರ ನಡುವೆ ಇಂಜಿನಿಯರರು ತಮ್ಮ ಕೆಲಸವನ್ನು ನಡೆಸಬೇಕಾಗಿತ್ತು. ಸೀಮೆಸುಣ್ಣದ ಶಿಲೆ ಅವರಿಗೆ ಸುಲಭವೂ ಹೌದು, ಕಷ್ಟವೂ ಹೌದು. ಸುಲಭವೇಕೆಂದರೆ ಗ್ರಾನೈಟಿನಂತೆ ಸಿಡಿಮದ್ದಿಟ್ಟು ಒಡೆಯಬೇಕಾಗಿಲ್ಲ. ಉಕ್ಕಿನ ಹಲ್ಲುಗಳುಳ್ಳ ಯಂತ್ರವೇ ಅಗೆದು ತೆಗೆಯುತ್ತದೆ. ಕಡಿದ ಗೋಡೆ ಮಣ್ಣಿನ ಗೋಡೆಯಂತೆ ಬೇಗನೆ ಕುಸಿಯುವುದಿಲ್ಲವಾಗಿ ಸಾಕಷ್ಟು ಕಡಿದಾಗಿಯೇ ನಿಲ್ಲಿಸಬಹುದು.

ಕಷ್ಟವಿರುವುದು ನೀರಿನಲ್ಲಿ. ನೆಲದಲ್ಲಿರುವಾಗ ಗಟ್ಟಿಯಾಗಿ ತೋರುವ ಈ ಶಿಲೆಯ ಸೂಕ್ಷ್ಮ ರಂಧ್ರಗಳಲ್ಲೆಲ್ಲ ನೀರು ಅಡಗಿರುತ್ತದೆ. ಅಗೆದು, ಲಾರಿಗೆ ತುಂಬಿ, ಸುರಿದು, ಮೇಲೆ ಭಾರವಾದ ಚಕ್ರಗಳನ್ನು ಓಡಿಸುತ್ತಿದ್ದಂತೆ ಕಲ್ಲು ಪುಡಿಯಾಗಿ ಆ ನೀರು ಹೊರಬರುತ್ತದೆ. ಬೆಳಿಗ್ಗೆ ಬಂಡೆಯಾಗಿದ್ದುದು ಸಂಜೆಗೆ ದೋಸೆಯ ಹಿಟ್ಟು! ಯಂತ್ರಗಳೇ ಅದರಲ್ಲಿ ಹೂತುಹೋಗುವುದುಂಟು. ಆದುದರಿಂದ ಇಂತಹ ನೆಲದಲ್ಲಿ ಮಣ್ಣಿನ ಕೆಲಸವನ್ನು ಸಾಧ್ಯವಾದಷ್ಟೂ ಒಣ ತಿಂಗಳುಗಳಲ್ಲಿ ಮುಗಿಸುತ್ತಾರೆ. ಎಷ್ಟು ಕಡಮೆ ಕೆದಕಿದರೆ ಅಷ್ಟು ಒಳ್ಳೆಯದು. ಹಸಿಯಾಗಿ ಮೆತ್ತಗಾದುದನ್ನು ಕೆಲವು ಕಾಲ ಹಾಗೆಯೇ ಬಿಟ್ಟರೆ ಅದು ಮತ್ತೆ ಬಿಗಿದುಕೊಳ್ಳುತ್ತದೆ.

ಚಳಿಗಾಲದ ಹಿಮ ಇನ್ನೊಂದು ಶತ್ರು. ರಂಧ್ರದ ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಮೇಲಿನ ರಸ್ತೆಯನ್ನು ಎತ್ತಿ ಬಿರಿಸುತ್ತದೆ. ಅದಕ್ಕಾಗಿ ರಸ್ತೆಯ ಮೇಲ್ಮೈಯಿಂದ ಸುಮಾರು ಒಂದೂವರೆ ಅಡಿಯವರೆಗೆ ಹಿಮಕ್ಕೆ ಜಗ್ಗದ ಬೇರೆ ಸಾಮಗ್ರಿಯನ್ನೇ ಹಾಸಬೇಕು. ಎತ್ತರದಲ್ಲಿ ಕಡಿದುದನ್ನು ತಗ್ಗಿನಲ್ಲಿ ತುಂಬಿ ರಸ್ತೆಯನ್ನು ಸಮಗೊಳಿಸುವುದು ಈ ವಿದ್ಯೆಯ ಮೂಲಸೂತ್ರ. ಟ್ವೈಫರ್ಡ್ ಡೌನಿನ ಒಡಲಿಂದ ಬಗೆದ ಬಿಳಿಯ ಶಿಲೆಯ ರಾಶಿ ರಾಶಿ ಹಾಗೆಯೇ ತಗ್ಗುಗಳನ್ನು ಸೇರಿತು. ೧೯೯೪ರಲ್ಲಿ ಹೊಸ ಹಾದಿಯಲ್ಲಿ ವಾಹನಗಳು ಓಡತೊಡಗಿದವು. ಹತ್ತು ಕೋಟಿ ವರ್ಷಗಳ ಹಿಂದೆ ಕಡಲು ಕಟ್ಟತೊಡಗಿದ ಬೆಟ್ಟವನ್ನು ಮನುಷ್ಯ ಎರಡು ವರ್ಷಗಳಲ್ಲಿ ಕಡಿದಿದ್ದನು. ಇಂದು ವೇಗವಾಗಿ ಹೋಗುವ ಮೋಟಾರು ಆ ಕಂದಕವನ್ನು ಒಂದು ನಿಮಿಷದೊಳಗೆ ದಾಟುತ್ತದೆ. ಒಳಗೆ ಕುಳಿತವರಿಗೆ ಇಕ್ಕೆಲದಲ್ಲಿ ಬಿಳಿಯ ಗೋಡೆಯೊಂದು ಮಿಂಚಿದಂತಾಗಿ ಮರೆಯಾಗುತ್ತದೆ, ಅಷ್ಟೆ.

ಅಳಿದ ರಸ್ತೆಯ ಮೇಲೆ ಚಿಟ್ಟೆ

ಸರಕಾರ ಕೊಟ್ಟ ಮಾತೊಂದು ಉಳಿಯಿತು. ಹೊಸ ಹೆದ್ದಾರಿ ತೆರೆದ ಮೇಲೆ ಗುಡ್ಡದ ಪಶ್ಚಿಮದ ಹಳೆಯ ರಸ್ತೆಯ ಡಾಮರನ್ನು ಕಿತ್ತು, ಅದರ ತಗ್ಗುಗಳಿಗೆ ಸೀಮೆಸುಣ್ಣದ ಶಿಲೆಯನ್ನೇ ತುಂಬಲಾಯಿತು. ಹಾಳಾಗಲಿದ್ದ ಹುಲ್ಲುಗಾವಲಿನ ತುಣುಕುಗಳನ್ನು ಹುಲ್ಲು ಬೇರು ಮಣ್ಣು ಸಹಿತ ಚಾಪೆಯಂತೆ ಕತ್ತರಿಸಿ ಬೇರೆಡೆಗೆ ಸಾಗಿಸಿ ನೆಟ್ಟರು. ಸುತ್ತಲಿನ ಗುಡ್ಡದಿಂದ ಆರಿಸಿದ ಬೀಜಗಳನ್ನು ಬಿತ್ತಿದರು. ಇಲ್ಲಿ ತೋಟಗಾರನ ಬುದ್ಧಿ ತಲೆಕೆಳಗಾಗುತ್ತದೆ. ಒಳ್ಳೆಯ ಮಣ್ಣು ಹಾಕಿದರೆ ಕೆಡುಕು. ಬಡ ಮಣ್ಣೇ ಬೇಕು!

ಕಾಯುತ್ತಿದ್ದುದು ಮುಖ್ಯವಾಗಿ ಒಂದು ಚಿಟ್ಟೆಗಾಗಿ. ಚಾಕ್‌ಹಿಲ್ ಬ್ಲೂ ಎಂದು ಅದರ ಹೆಸರು. ಗಂಡಿನ ರೆಕ್ಕೆಗೆ ಬೆಳ್ಳಿ ಬೆರೆತ ತಿಳಿನೀಲಿ, ಹೆಣ್ಣು ಕಂದು. ಇದರ ಮರಿಹುಳು ತಿನ್ನುವುದು ಒಂದೇ ಒಂದು ಗಿಡದ ಎಲೆಯನ್ನು. ಹಳದಿಯ ಹೂ ಬಿಡುವ, ಲಾಳದಾಕಾರದ ಕಾಯಿಗಳುಳ್ಳ ಆ ಪುಟ್ಟ ಗಿಡ ಸುಣ್ಣದ ನೆಲವನ್ನು ಬಿಟ್ಟು ಬೇರೆಡೆ ಅಪರೂಪ. ಹುಳುವಿನ ಮೈಯಿಂದ ಒಸರುವ ಸಿಹಿಗಾಗಿ ಇರುವೆಗಳು ಅದರ ಸುತ್ತ ಕಾವಲಿರುತ್ತವೆ. ಹೀಗೆ ಚಿಟ್ಟೆಗೆ ಗಿಡ, ಗಿಡಕ್ಕೆ ಬಡ ಮಣ್ಣು, ಮಣ್ಣಿಗೆ ಕುರಿಯ ಹಲ್ಲು, ಹುಳುವಿಗೆ ಇರುವೆ. ಒಂದು ಕೊಂಡಿ ಕಳಚಿದರೂ ಸರಪಣಿ ಮುರಿಯಿತು. ಆದರೂ ಕೆಲವು ವರ್ಷಗಳಲ್ಲಿ ಆ ನೀಲಿಯ ಚಿಟ್ಟೆಗಳು ಮರುಕಟ್ಟಿದ ನೆಲಕ್ಕೆ ಬಂದವು. ಜುಲೈ ಆಗಸ್ಟ್ ತಿಂಗಳ ಬಿಸಿಲಿನಲ್ಲಿ, ಒಂದು ಕಾಲಕ್ಕೆ ಲಾರಿಗಳು ಸಾಲುಗಟ್ಟಿದ್ದ ಜಾಗದಲ್ಲಿ ಅವು ಹಾರಾಡುವುದನ್ನು ಈಗ ಕಾಣಬಹುದು.

ಇದು ಸಣ್ಣ ಸಾಧನೆಯಲ್ಲ. ಊರಿನಿಂದ ಗುಡ್ಡಕ್ಕೆ ನಡೆಯುವವನು ಇಂದು ಗದ್ದಲದ ರಸ್ತೆಯನ್ನು ದಾಟಬೇಕಾಗಿಲ್ಲ. ಹಳೆಯ ರೈಲು ದಾರಿಯ ಹಾಕ್ಲಿ ಸೇತುವೆ ೧೯೬೦ರ ದಶಕದಿಂದ ರೈಲಿಲ್ಲದೆ ಬಿದ್ದಿತ್ತು. ೨೦೧೩ರಲ್ಲಿ ಅದನ್ನು ದುರಸ್ತಿ ಮಾಡಿ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದಿದ್ದಾರೆ. ರಸ್ತೆಯ ಪಕ್ಷದವರು ಇವನ್ನೆಲ್ಲ ತೋರಿಸಿ, "ನೋಡಿ, ಒಂದು ಗಾಯ ಮಾಡಿ ಇನ್ನೊಂದನ್ನು ಮಾಯಿಸಿದೆವು" ಎನ್ನಬಹುದು. ಅದರಲ್ಲಿ ಸತ್ಯವಿದೆ. ಆದರೆ ಹುಲ್ಲನ್ನು ಮತ್ತೆ ನೆಡಬಹುದು, ಚಿಟ್ಟೆಯನ್ನು ಮತ್ತೆ ಕರೆಯಬಹುದು. ಗುಡ್ಡದ ಬಾಗನ್ನು ಮತ್ತೆ ಕಟ್ಟುವುದಕ್ಕೆ ಯಾವ ಇಂಜಿನಿಯರಿಗೂ ಬಾರದು. ಡೋಂಗ ದಾರಿಗಳಲ್ಲಿ ಎಷ್ಟೋ ತಲೆಮಾರು ತುಳಿದ ಹೆಜ್ಜೆಯ ಗುರುತನ್ನು ಯಾವ ಬೀಜದಿಂದಲೂ ಬೆಳೆಯಲಾಗದು.

ಸೋತ ಗುಡ್ಡದ ಗೆಲುವು

ಗುಡ್ಡ ಸೋತಿತು. ಆದರೆ ಆ ಸೋಲು ವ್ಯರ್ಥವಾಗಲಿಲ್ಲವೆಂದು ಮುಂದಿನ ಚರಿತ್ರೆ ಹೇಳುತ್ತದೆ. ೧೯೭೪ರಲ್ಲಿ ಎಂ೪೦ ಹೆದ್ದಾರಿ ಚಿಲ್ಟರ್ನ್ ಬೆಟ್ಟಗಳ ಸೀಮೆಸುಣ್ಣವನ್ನು ಹೀಗೆಯೇ ಸೀಳಿ ಹೋದಾಗ ದೇಶದಲ್ಲಿ ಇಷ್ಟು ಕೂಗೆದ್ದಿರಲಿಲ್ಲ. ೧೯೮೯ರಲ್ಲಿ ಸರಕಾರ ಪ್ರಕಟಿಸಿದ ಯೋಜನೆಯನ್ನು ರೋಮನ್ನರ ಕಾಲದಿಂದ ಈಚಿನ ಅತಿ ದೊಡ್ಡ ರಸ್ತೆ ಕಾರ್ಯಕ್ರಮವೆಂದು ಹೊಗಳಿದ್ದರು. ಟ್ವೈಫರ್ಡ್ ಡೌನಿನ ಬಳಿಕ ಪ್ರತಿಯೊಂದು ಹೊಸ ರಸ್ತೆಯ ಮುಂದೆಯೂ ಜನ ಮರವೇರಿ ಕುಳಿತರು. ೧೯೯೬ರಲ್ಲಿ ನ್ಯೂಬರಿ ಎಂಬಲ್ಲಿ ನಡೆದ ಹೋರಾಟ ಅದಕ್ಕಿಂತಲೂ ದೊಡ್ಡದಾಯಿತು. ೧೯೯೪ರಲ್ಲಿ ಸರಕಾರದ್ದೇ ತಜ್ಞ ಸಮಿತಿಯೊಂದು, ಹೊಸ ರಸ್ತೆ ಇರುವ ವಾಹನಗಳಿಗೆ ಜಾಗ ಕೊಡುವುದಷ್ಟೇ ಅಲ್ಲ, ಹೊಸ ವಾಹನಗಳನ್ನೂ ಕರೆತರುತ್ತದೆ ಎಂದು ವರದಿ ಕೊಟ್ಟಿತು. ಒಂದೊಂದಾಗಿ ಅನೇಕ ಯೋಜನೆಗಳು ಕಡತಗಳಲ್ಲಿಯೇ ಉಳಿದವು.

ಇನ್ನೂ ಸ್ಪಷ್ಟವಾದ ಉತ್ತರವನ್ನು ನೋಡಬೇಕೆಂದರೆ ನೆರೆಯ ಸರ್ರೆ ಪ್ರಾಂತದ ಹೈಂಡ್‌ಹೆಡ್‌ಗೆ ಹೋಗಬೇಕು. ಅಲ್ಲಿಯೂ ಲಂಡನ್ನಿನಿಂದ ಕಡಲಿಗೆ ಹೋಗುವ ಹೆದ್ದಾರಿ, ಅಲ್ಲಿಯೂ ಸಂಚಾರ ದೀಪದ ಕಟ್ಟಡಚಣೆ, ಅಲ್ಲಿಯೂ ಸುಂದರವಾದ ಬೆಟ್ಟ, ಸೀಮೆಸುಣ್ಣದ್ದಲ್ಲ, ಮರಳುಕಲ್ಲಿನದು. ಆದರೆ ಈ ಬಾರಿ ಬೆಟ್ಟವನ್ನು ಕಡಿಯಲಿಲ್ಲ. ಸುಮಾರು ೧.೮ ಕಿಲೋಮೀಟರು ಉದ್ದದ ಜೋಡಿ ಸುರಂಗವನ್ನು ಕೊರೆದು ೨೦೧೧ರಲ್ಲಿ ತೆರೆದರು. ಯೋಜನೆಗೆ ಸುಮಾರು ೩೭ ಕೋಟಿ ಪೌಂಡು ತಗಲಿತು. ಬೆಟ್ಟದ ಮೇಲಿನ ಹಳೆಯ ರಸ್ತೆಯನ್ನು ಕಿತ್ತು ಕಾಡಿಗೆ ಬಿಟ್ಟುಕೊಟ್ಟರು. ಟ್ವೈಫರ್ಡ್ ಡೌನಿನಲ್ಲಿ ದುಬಾರಿಯೆನಿಸಿದ ಸುರಂಗ ಇಪ್ಪತ್ತು ವರ್ಷಗಳಲ್ಲಿ ಯೋಗ್ಯವೆನಿಸಿತ್ತು. ಲೆಕ್ಕದ ಪುಸ್ತಕದಲ್ಲಿ ಹೊಸದೊಂದು ಕಾಲಮು ಸೇರಿತ್ತೆಂದು ಹೇಳಬಹುದು. ಪುರಾತನ ಶಿಲಾವೃತ್ತವಾದ ಸ್ಟೋನ್‌ಹೆಂಜ್ ಬಳಿಯಂತೂ, ಸೀಮೆಸುಣ್ಣದ ನೆಲದಡಿ ಸುರಂಗ ಕೊರೆಯುವ ಯೋಜನೆಗೇ ವಿರೋಧವೆದ್ದಿತು. ಸುರಂಗದ ಬಾಯಿಗಳೂ ಆ ಪವಿತ್ರ ನೆಲವನ್ನು ಕೆಡಿಸುವುವೆಂದು ವಾದ. ದೀರ್ಘವಾದ ವ್ಯಾಜ್ಯದ ಬಳಿಕ ೨೦೨೪ರಲ್ಲಿ ಹಣದ ಕಾರಣದಿಂದ ಸರಕಾರ ಅದನ್ನು ಕೈಬಿಟ್ಟಿತು.

ನಾಡಿಗೆ ರಸ್ತೆ ಬೇಕು. ಆಸ್ಪತ್ರೆಗೆ ಹೋಗುವ ರೋಗಿಗೂ, ಬಂದರಿಗೆ ಹೋಗುವ ಧಾನ್ಯಕ್ಕೂ, ರಜೆಗೆ ಹೊರಟ ಮಕ್ಕಳಿಗೂ ಬೇಕು. ಬೇಡವೆಂದವರು ಯಾರೂ ನಡೆದೇ ಊರು ಸೇರಿದವರಲ್ಲ. ಆದರೆ ರಸ್ತೆಯ ಬೆಲೆಯನ್ನು ಹೇಳುವಾಗ ಪೂರ್ತಿ ಬೆಲೆಯನ್ನು ಹೇಳಬೇಕೆಂಬುದಷ್ಟೆ ಈ ಗುಡ್ಡದ ಬೇಡಿಕೆ. ಸುರಂಗಕ್ಕೆ ಹೆಚ್ಚು ತಗಲುವ ಹಣ ಎಲ್ಲರಿಗೂ ಕಾಣುತ್ತದೆ. ಸುರಂಗವಿಲ್ಲದಿದ್ದರೆ ತೆರಬೇಕಾದುದು ಮುಂದಿನವರ ಪಾಲಿಗೆ ಬೀಳುವುದರಿಂದ ಇಂದಿನವರ ಲೆಕ್ಕದಲ್ಲಿ ಅದು ಮೂಡುವುದಿಲ್ಲ.

ಕಂದಕದ ಸಮೀಪದಲ್ಲಿ ಹೋರಾಟಗಾರರು ನಿಲ್ಲಿಸಿದ ಒಂದು ಕಲ್ಲಿದೆ. ಯುದ್ಧದಲ್ಲಿ ಮಡಿದವರ ಹೆಸರು ಕೆತ್ತುವ ಕಲ್ಲುಗಳನ್ನು ನಾವು ಎಲ್ಲೆಡೆ ನೋಡಿದ್ದೇವೆ. ಈ ಕಲ್ಲಿನಲ್ಲಿರುವುದು ಗುಡ್ಡವನ್ನು ಕಡಿಸಿದ ಕಾಲದ ಮಂತ್ರಿಗಳ ಹೆಸರುಗಳು! ಓದಲು ನಿಲ್ಲುವವರು ಸ್ವಲ್ಪವೇ ಮಂದಿ. ಕಲ್ಲಿನ ಸುತ್ತ ಕುಳ್ಳ ಹುಲ್ಲು ಬೆಳೆಯುತ್ತಿದೆ, ಕೆಳಗೆ ವಾಹನಗಳು ಹರಿಯುತ್ತಿವೆ. ಕಂದಕದ ಬಿಳಿಯ ಗೋಡೆಗಳ ಮೇಲೆ, ಯಾರೂ ಬಿತ್ತದಿದ್ದರೂ, ಅಲ್ಲೊಂದು ಇಲ್ಲೊಂದು ಹಸುರು ಮೊಳೆಯುತ್ತಿದೆ. ಗುಡ್ಡಕ್ಕೆ ಆತುರವಿಲ್ಲ. ಆತುರವಿರುವುದು ಕೆಳಗೆ ಹೋಗುತ್ತಿರುವವರಿಗೆ.